ಸಹನೆ, ಸಮಾನತೆ, ಒಪ್ಪಿಗೆ: ಧಾರ್ಮಿಕ ಕಾಲೇಜುಗಳು ಮತ್ತು ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳು – ತರಗತಿಯ ಚರ್ಚೆಗೆ ಒಂದು ಮಾರ್ಗದರ್ಶನ

1. ಪೀಠಿಕೆ

ರಾಯದುರ್ಗ, ಬೆಳುಗುಪ್ಪ, ಮಡಕಶಿರ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮುಂದಿನ ಓದಿಗಾಗಿ ಅನಂತಪುರ, ಬಳ್ಳಾರಿ, ಚಿತ್ರದುರ್ಗ, ತುಮಕೂರು, ಬೆಂಗಳೂರುಗಳತ್ತ ಹೊರಡುತ್ತಾರೆ. ಕೆಲವರು ಸರಕಾರಿ ಕಾಲೇಜುಗಳನ್ನು ಸೇರುತ್ತಾರೆ. ಮತ್ತೆ ಕೆಲವರು ಕ್ರೈಸ್ತ ಸಭೆಗಳು, ಮಠಗಳು, ಮುಸ್ಲಿಂ ಶಿಕ್ಷಣ ಸಂಸ್ಥೆಗಳು ನಡೆಸುವ ಕಾಲೇಜುಗಳಿಗೆ ಹೋಗುತ್ತಾರೆ. ಹಳ್ಳಿಯ ಶಾಲೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಒಂದು ವಿಷಯ ಆ ಕಾಲೇಜುಗಳ ಆವರಣದಲ್ಲಿಯೂ ಹಾಸ್ಟೆಲುಗಳಲ್ಲಿಯೂ ಅವರಿಗೆ ಎದುರಾಗುತ್ತದೆ. ಗಂಡು–ಹೆಣ್ಣು ಎಂಬ ಎರಡು ರೂಢಿಯ ಅಚ್ಚುಗಳಲ್ಲಿ ಹೊಂದದ ಸಹಪಾಠಿಯೊಡನೆ ಹೇಗೆ ನಡೆದುಕೊಳ್ಳಬೇಕು, ಧರ್ಮಸಂಸ್ಥೆಯ ಕಾಲೇಜಿನಲ್ಲಿ ಅಂಥ ವಿದ್ಯಾರ್ಥಿಯ ಸ್ಥಾನವೇನು ಎಂಬುದೇ ಆ ವಿಷಯ. ಆ ಸಹಪಾಠಿ ಅದೇ ಹಳ್ಳಿಯಿಂದ ಹೋದ ಮಗುವೂ ಆಗಿರಬಹುದು.

ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿಯೂ ಜೂನಿಯರ್ ಕಾಲೇಜುಗಳಲ್ಲಿಯೂ ಈ ವಿಷಯ ಚರ್ಚೆಗೆ ಬಂದಾಗ ಉಪಾಧ್ಯಾಯರು ಏನನ್ನು ತಿಳಿದಿರಬೇಕು, ಚರ್ಚೆಯನ್ನು ಹೇಗೆ ನಡೆಸಬೇಕು ಎಂಬುದನ್ನು ಈ ಲೇಖನ ವಿವರಿಸುತ್ತದೆ. ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಈ ಚರ್ಚೆಯ ಅಗತ್ಯವಿಲ್ಲ. ಯಾರ ನಡಿಗೆಯನ್ನೂ ದನಿಯನ್ನೂ ಅಣಕಿಸಬಾರದೆಂಬ ಪಾಠವೊಂದೇ ಅವರಿಗೆ ಸಾಕು.

ಭಾಷಾ ಅಲ್ಪಸಂಖ್ಯಾತ ಶಾಲೆಯ ಉಪಾಧ್ಯಾಯರಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಎರಡು ಸಂಗತಿಗಳು ಅದನ್ನು ಅವರ ಬಾಗಿಲಿಗೇ ತಂದು ನಿಲ್ಲಿಸುತ್ತವೆ. ಮೊದಲನೆಯದು ಸಂವಿಧಾನದ 30ನೆಯ ವಿಧಿ. ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಧರ್ಮದ ಅಲ್ಪಸಂಖ್ಯಾತರಿಗೂ ಭಾಷೆಯ ಅಲ್ಪಸಂಖ್ಯಾತರಿಗೂ ಅದು ಒಂದೇ ವಾಕ್ಯದಲ್ಲಿ ಕೊಡುತ್ತದೆ. ಆಂಧ್ರದಲ್ಲಿ ಕನ್ನಡಿಗರು ಶಾಲೆ ನಡೆಸುವ ಹಕ್ಕಿಗೂ ಕ್ರೈಸ್ತ ಸಭೆಯೊಂದು ಕಾಲೇಜು ನಡೆಸುವ ಹಕ್ಕಿಗೂ ಬೇರು ಒಂದೇ. ಎರಡನೆಯದು ರ‍್ಯಾಗಿಂಗ್ ತಡೆಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗ 2009ರಲ್ಲಿ ಹೊರಡಿಸಿದ ನಿಯಮಾವಳಿಗೆ 2016ರಲ್ಲಿ ಮಾಡಿದ ತಿದ್ದುಪಡಿ. ಯಾವ ಯಾವ ಕಾರಣಕ್ಕಾಗಿ ವಿದ್ಯಾರ್ಥಿಯನ್ನು ಪೀಡಿಸುವುದು ಅಥವಾ ಹೊರಗಿಡುವುದು ರ‍್ಯಾಗಿಂಗ್ ಆಗುತ್ತದೆಂದು ಅದು ಪಟ್ಟಿ ಮಾಡಿದೆ. ಧರ್ಮ, ಜಾತಿ, ಬಣ್ಣ, ಹುಟ್ಟಿದ ಊರುಗಳ ಜೊತೆಗೆ ಆ ಪಟ್ಟಿಯಲ್ಲಿ ಲಿಂಗತ್ವ, ಲೈಂಗಿಕ ಒಲವು ಮತ್ತು ಭಾಷಾ ಗುರುತು ಒಟ್ಟಿಗೇ ಇವೆ. ಗಡಿನಾಡಿನ ಕನ್ನಡವನ್ನು ಆಡುವ ಹುಡುಗನನ್ನು ಕಾಲೇಜಿನಲ್ಲಿ ಕಾಯುವ ನಿಯಮ ಯಾವುದೋ, ಸಹಪಾಠಿಗಳಿಗಿಂತ ಭಿನ್ನವಾದ ಒಲವುಳ್ಳ ಹುಡುಗನನ್ನು ಕಾಯುವ ನಿಯಮವೂ ಅದೇ.

2. ಪದಗಳ ಪರಿಚಯ

ಚರ್ಚೆ ಹಳಿ ತಪ್ಪುವುದು ಹೆಚ್ಚಾಗಿ ಪದಗಳಿಂದ. ಆದ್ದರಿಂದ ಮೊದಲಿಗೆ ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ದೇಹದ ಲಿಂಗ ಹುಟ್ಟಿನಲ್ಲಿ ಗುರುತಿಸಲಾಗುವಂಥದು. ಲಿಂಗತ್ವವೆಂದರೆ ವ್ಯಕ್ತಿಯು ತನ್ನನ್ನು ಗಂಡೆಂದೋ ಹೆಣ್ಣೆಂದೋ ಬೇರೆಯೆಂದೋ ಒಳಗಿನಿಂದ ಅರಿಯುವ ಬಗೆ. ಇವೆರಡೂ ಹೊಂದದವರನ್ನು ಟ್ರಾನ್ಸ್‌ಜೆಂಡರ್ ಅಥವಾ ಲಿಂಗಾಂತರಿ ವ್ಯಕ್ತಿಗಳೆನ್ನುತ್ತಾರೆ. ತೃತೀಯ ಲಿಂಗಿ ಎಂಬ ಪದವೂ ಬಳಕೆಯಲ್ಲಿದೆ. ಲೈಂಗಿಕ ಒಲವು ಎಂಬುದು ಬೇರೆಯೇ ವಿಷಯ. ಯಾರ ಕಡೆಗೆ ಮನಸ್ಸು ಒಲಿಯುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಒಂದೇ ಲಿಂಗದವರ ಕಡೆಗೆ ಒಲವುಳ್ಳವರನ್ನು ಸಲಿಂಗಿಗಳು ಎನ್ನುತ್ತಾರೆ. ಈ ಎಲ್ಲರನ್ನೂ ಒಟ್ಟಾಗಿ ಎಲ್‌ಜಿಬಿಟಿಕ್ಯೂ ಸಮುದಾಯ ಎಂದು ಕರೆಯುವುದು ಜಗತ್ತಿನ ರೂಢಿ. ಕನ್ನಡದ ಪತ್ರಿಕೆಗಳೂ ಸಂಘಟನೆಗಳೂ ಬಳಸುವ ಮಾತು ‘ಲಿಂಗತ್ವ ಅಲ್ಪಸಂಖ್ಯಾತರು’ ಅಥವಾ ‘ಲೈಂಗಿಕ ಅಲ್ಪಸಂಖ್ಯಾತರು’. ‘ಅಲ್ಪಸಂಖ್ಯಾತ’ ಎಂಬ ಪದದ ಭಾರವನ್ನು ಬಲ್ಲ ಗಡಿನಾಡಿನ ಉಪಾಧ್ಯಾಯರಿಗೆ ಈ ಹೆಸರು ಬೇಗನೆ ಅರ್ಥವಾಗುತ್ತದೆ.

ಮಕ್ಕಳ ಬಾಯಲ್ಲಿ ಇವರನ್ನು ಕುರಿತ ಬೈಗುಳಗಳು ಕನ್ನಡದಲ್ಲಿಯೂ ಇವೆ, ತೆಲುಗಿನಲ್ಲಿಯೂ ಇವೆ. ಉಪಾಧ್ಯಾಯರು ಅವನ್ನು ಪಟ್ಟಿ ಮಾಡಿ ಹೇಳಬೇಕಾಗಿಲ್ಲ. ಮೇಲಿನ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಚರ್ಚೆಯಲ್ಲಿ ಇವನ್ನೇ ಬಳಸತಕ್ಕದ್ದೆಂದು ಹೇಳಿದರೆ ಸಾಕು.

ಇನ್ನು ಈ ಚರ್ಚೆಯ ತಿರುಳಾದ ಮೂರು ಪದಗಳು. ‘ಸಹನೆ’ ಎಂದರೆ ಒಪ್ಪದಿದ್ದರೂ ಕೇಡು ಮಾಡದೆ, ಹೊರದಬ್ಬದೆ ಇರುವುದು. ‘ಸಮಾನತೆ’ ಎಂದರೆ ಪ್ರವೇಶ, ಪಾಠ, ಹಾಸ್ಟೆಲ್, ಆಟ, ಪರೀಕ್ಷೆಗಳಲ್ಲಿ ಎಲ್ಲರಿಗೂ ಇರುವುದನ್ನು ಇವರಿಗೂ ಕೊಡುವುದು. ‘ಒಪ್ಪಿಗೆ’ ಎಂದರೆ ಇವರ ಬದುಕಿನ ಬಗೆ ಸರಿಯೆಂದು ಸಂಸ್ಥೆಯೇ ಘೋಷಿಸುವುದು. ಮೊದಲನೆಯದಕ್ಕೆ ಕೈ ತಡೆದರೆ ಸಾಕು, ಎರಡನೆಯದಕ್ಕೆ ಕೈ ನೀಡಬೇಕು, ಮೂರನೆಯದಕ್ಕೆ ಮನಸ್ಸೇ ಬದಲಾಗಬೇಕು. ಒಬ್ಬ ವಾದಿ ಸಮಾನತೆಯನ್ನು ಕೇಳುತ್ತಿರುವಾಗ ಇನ್ನೊಬ್ಬ ವಾದಿ ಒಪ್ಪಿಗೆಯನ್ನು ನಿರಾಕರಿಸುತ್ತಿದ್ದರೆ ಇಬ್ಬರ ಮಾತೂ ಸಂಧಿಸುವುದಿಲ್ಲ. ಈ ವಿಷಯದ ಬಹುಪಾಲು ಜಗಳಗಳು ಇಂಥವೇ.

ಸಹನೆಗೆ ಕನ್ನಡದ ಹಳೆಯ ಮಾತು ‘ಸೈರಣೆ’. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದನ್ನೇ ನಿಜವಾದ ಸಂಪತ್ತೆಂದು ಎಣಿಸಿದೆ. ಕನ್ನಡ ಉಪಾಧ್ಯಾಯರೆಲ್ಲರಿಗೂ ತಿಳಿದ ಈ ಮಾತಿನಿಂದ ಪಾಠವನ್ನು ಆರಂಭಿಸಬಹುದು. ಪರಧರ್ಮ, ಪರವಿಚಾರ ಎರಡನ್ನೂ ಅದು ಒಟ್ಟಿಗೆ ಹೇಳಿರುವುದನ್ನು ಮಕ್ಕಳ ಗಮನಕ್ಕೆ ತರಬೇಕು. ಧರ್ಮಸಂಸ್ಥೆಯ ನಂಬಿಕೆಯನ್ನು ಸೈರಿಸುವುದೂ ಆ ಸಂಸ್ಥೆಯು ತನ್ನ ವಿದ್ಯಾರ್ಥಿಯನ್ನು ಸೈರಿಸುವುದೂ ಒಂದೇ ಮಾತಿನೊಳಗೆ ಬರುತ್ತವೆ.

3. ಧಾರ್ಮಿಕ ಕಾಲೇಜಿನ ಪಕ್ಷ

ಈ ಪಕ್ಷವನ್ನು ನ್ಯಾಯವಾಗಿ ಹೇಳುವುದು ಉಪಾಧ್ಯಾಯರ ಮೊದಲ ಕರ್ತವ್ಯ. ಧರ್ಮಸಂಸ್ಥೆ ಕಾಲೇಜನ್ನು ಕಟ್ಟುವುದು ಪಠ್ಯವನ್ನು ಬೋಧಿಸುವುದಕ್ಕಷ್ಟೇ ಅಲ್ಲ, ತನ್ನ ಮೌಲ್ಯಗಳಲ್ಲಿ ಮಕ್ಕಳನ್ನು ಬೆಳೆಸುವುದಕ್ಕೂ ಹೌದು. ಮದುವೆ, ಸಂಸಾರ, ಬ್ರಹ್ಮಚರ್ಯಗಳ ಬಗೆಗೆ ಅದಕ್ಕೆ ತನ್ನದೇ ಆದ ಬೋಧೆಯಿದೆ. ಹೊರಗಿನವರು ಬಂದು ಆ ಬೋಧೆಯನ್ನು ಬಿಡಬೇಕೆಂದರೆ ಸಂಸ್ಥೆಯ ಹುರುಳೇ ಹೋಗುತ್ತದೆ. ಶಾಲೆಯಲ್ಲಿ ಕನ್ನಡ ಬೇಡವೆಂದು ಹೊರಗಿನವರು ಹೇಳಿದರೆ ಕನ್ನಡಿಗರಿಗೆ ಆಗುವ ಸಂಕಟವನ್ನು ಇಲ್ಲಿ ನೆನೆಯಬಹುದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ರಾಜ್ಯದಲ್ಲಿ ಉಳಿದವು. ಅಂದಿನಿಂದ ಇಲ್ಲಿ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದವರಿಗೆ, ಸಂಸ್ಥೆಯೊಂದು ತನ್ನತನವನ್ನು ಕಾಪಾಡಿಕೊಳ್ಳಲು ಏಕೆ ಹೆಣಗುತ್ತದೆ ಎಂಬುದು ಗೊತ್ತು.

ನ್ಯಾಯಾಲಯಗಳೂ ಈ ಹಕ್ಕನ್ನು ಗೌರವಿಸಿವೆ. ಟಿ.ಎಂ.ಎ. ಪೈ ಪ್ರತಿಷ್ಠಾನ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳ ಪೀಠವು 2002ರ ಅಕ್ಟೋಬರ್ 31ರಂದು ತೀರ್ಪು ನೀಡಿತು. ಯಾರು ಅಲ್ಪಸಂಖ್ಯಾತರು ಎಂಬುದನ್ನು ಧರ್ಮದ ವಿಷಯದಲ್ಲಿಯೂ ಭಾಷೆಯ ವಿಷಯದಲ್ಲಿಯೂ ರಾಜ್ಯವನ್ನೇ ಘಟಕವಾಗಿ ಹಿಡಿದು ನಿರ್ಣಯಿಸಬೇಕೆಂದು ಅದು ಹೇಳಿತು. ಕರ್ನಾಟಕದಲ್ಲಿ ಬಹುಸಂಖ್ಯಾತನಾದ ಕನ್ನಡಿಗ ಆಂಧ್ರದಲ್ಲಿ ಅಲ್ಪಸಂಖ್ಯಾತನಾಗುವುದು ಈ ನ್ಯಾಯದಿಂದಲೇ.

ಆದರೆ ಈ ಹಕ್ಕಿಗೆ ಮೇರೆಯುಂಟು. ಕೇರಳ ಶಿಕ್ಷಣ ಮಸೂದೆಯ ಬಗೆಗೆ 1958ರಲ್ಲಿ ಅಭಿಪ್ರಾಯ ನೀಡುವಾಗಲೇ ಸರ್ವೋಚ್ಚ ನ್ಯಾಯಾಲಯವು, ಸಂಸ್ಥೆಯನ್ನು ನಡೆಸುವ ಹಕ್ಕಿನಲ್ಲಿ ಕೆಟ್ಟದಾಗಿ ನಡೆಸುವ ಹಕ್ಕು ಸೇರಿಲ್ಲವೆಂದು ಸ್ಪಷ್ಟಪಡಿಸಿತ್ತು. ಸಂವಿಧಾನದ 29ನೆಯ ವಿಧಿಯ ಎರಡನೆಯ ಖಂಡದ ಪ್ರಕಾರ, ಸರಕಾರದ ನೆರವು ಪಡೆಯುವ ಸಂಸ್ಥೆಯು ಧರ್ಮ, ಜಾತಿ, ಭಾಷೆಗಳ ಕಾರಣಕ್ಕೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. ಕನ್ನಡ ಶಾಲೆ ಕನ್ನಡವನ್ನೇ ಕಲಿಸಬಹುದು. ಮನೆಮಾತು ತೆಲುಗು ಎಂಬ ಕಾರಣಕ್ಕೇ ಮಗುವನ್ನು ಬಾಗಿಲಿನಿಂದ ಹಿಂದಕ್ಕೆ ಕಳಿಸುವಂತಿಲ್ಲ.

4. ವಿದ್ಯಾರ್ಥಿಯ ಪಕ್ಷ

ಈ ಪಕ್ಷದ ವಾದ ಸರಳವಾದುದು. ವಿದ್ಯಾರ್ಥಿ ಕಾಲೇಜಿಗೆ ಬರುವುದು ಓದಲು. ಅವನ ಅಥವಾ ಅವಳ ಒಲವೂ ಲಿಂಗತ್ವವೂ ಆಯ್ದುಕೊಂಡ ಹಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಅದು ಕಾಯಿಲೆಯಲ್ಲವೆಂದು ಹೇಳಿದೆ. ಚಿಕಿತ್ಸೆಯಿಂದ ಒಲವನ್ನು ಬದಲಿಸುತ್ತೇವೆಂದು ಹೊರಡುವುದು ವೈದ್ಯರಿಗೆ ವೃತ್ತಿದುರಾಚಾರವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿತು.

ಕಾನೂನಿನ ಸ್ಥಿತಿಯನ್ನು ಹೆಚ್ಚಿಸದೆ, ಕಡಿಮೆ ಮಾಡದೆ ಹೇಳಬೇಕು. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಸಂವಿಧಾನದ ಎಲ್ಲ ಮೂಲಭೂತ ಹಕ್ಕುಗಳೂ ಉಂಟೆಂದಿತು. 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತರು. 1860ರ ದಂಡ ಸಂಹಿತೆಯ 377ನೆಯ ಕಲಮು ಅಷ್ಟರ ಮಟ್ಟಿಗೆ ಬಿದ್ದುಹೋಯಿತು. ಆದರೆ 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪಿನಲ್ಲಿ ಅದೇ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಶಿಕ್ಷಣದ ವಿಷಯದಲ್ಲಿ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯಿದೆಯ 13ನೆಯ ಕಲಮು ಮುಖ್ಯವಾದುದು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಿಕ್ಷಣ ಸಂಸ್ಥೆಯೂ ಇವರಿಗೆ ಭೇದವಿಲ್ಲದೆ ಶಿಕ್ಷಣವನ್ನೂ ಆಟ ಮನರಂಜನೆಗಳ ಅವಕಾಶವನ್ನೂ ಒದಗಿಸಬೇಕೆಂದು ಅದು ವಿಧಿಸುತ್ತದೆ. ಮಾನ್ಯತೆ ಪಡೆದ ಧಾರ್ಮಿಕ ಕಾಲೇಜನ್ನು ಈ ಕಲಮು ಹೊರಗಿಟ್ಟಿಲ್ಲ.

ಕಾನೂನು ಹೀಗಿದ್ದರೂ ವಾಸ್ತವ ಬೇರೆಯಾಗಿದೆ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎಂಬ ಎರಡನ್ನೂ ಬಿಟ್ಟು ‘ಇತರೆ’ ಎಂದು ದಾಖಲಾದವರು ಸುಮಾರು 4.88 ಲಕ್ಷ. ದೇಶದ ಒಟ್ಟು ಸಾಕ್ಷರತೆ ಶೇಕಡಾ 74ರಷ್ಟಿದ್ದಾಗ ಇವರ ಸಾಕ್ಷರತೆ ಶೇಕಡಾ 56ರ ಆಸುಪಾಸಿನಲ್ಲಿತ್ತು. ಶಾಲೆಯ ಬಾಗಿಲು ಯಾರಿಗೆ ಹೇಗೆ ತೆರೆದಿದೆ ಎಂಬುದನ್ನು ಈ ಎರಡು ಅಂಕಿಗಳ ನಡುವಿನ ಅಂತರವೇ ತೋರಿಸುತ್ತದೆ.

5. ನಮ್ಮ ನೆರೆಯ ನೆಲದಿಂದ

ಇವೆಲ್ಲ ಪರದೇಶದಿಂದ ಬಂದ ಮಾತುಗಳೆಂಬ ಆಕ್ಷೇಪ ತರಗತಿಯಲ್ಲಿ ಬರುವುದು ಸಹಜ. ಅದಕ್ಕೆ ಉತ್ತರ ರಾಯದುರ್ಗದ ಪಕ್ಕದ ಬಳ್ಳಾರಿ ಸೀಮೆಯಲ್ಲಿಯೇ ಇದೆ. ಎಲ್ಲಮ್ಮ, ಹುಲಿಗೆಮ್ಮರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗಪ್ಪ, ಜೋಗತಿಯರಾಗಿ ಬಾಳುವವರನ್ನು ಈ ಭಾಗದ ಮಕ್ಕಳು ಜಾತ್ರೆಗಳಲ್ಲಿ ನೋಡಿಯೇ ಇರುತ್ತಾರೆ. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದ ಕಲಾವಿದೆಯಾಗಿ ಹೆಸರಾಗಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು. 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅದೇ ಸೀಮೆಯ ಸಂಡೂರಿನವರಾದ ವಸುಧೇಂದ್ರರು 2013ರಲ್ಲಿ ಪ್ರಕಟಿಸಿದ ‘ಮೋಹನಸ್ವಾಮಿ’ ಕಥಾಸಂಕಲನವು ಸಲಿಂಗಿಯೊಬ್ಬನ ಬದುಕನ್ನು ಕನ್ನಡ ಓದುಗರ ಮುಂದಿಟ್ಟಿತು. ಅದು ವಯಸ್ಕರ ಓದಿಗೆ ತಕ್ಕ ಪುಸ್ತಕ. ಮಕ್ಕಳಿಗೆ ಕೊಡುವುದಕ್ಕಿಂತ ಉಪಾಧ್ಯಾಯರು ತಾವು ಓದಿಕೊಳ್ಳುವುದು ಒಳ್ಳೆಯದು.

ಮಹಾಭಾರತದ ಬೃಹನ್ನಳೆಯನ್ನೂ ಇಲ್ಲಿ ನೆನೆಯಬಹುದು. ವಿರಾಟನ ಅರಮನೆಗೆ ಬೃಹನ್ನಳೆ ಬಂದದ್ದು ಉತ್ತರೆಗೆ ನಾಟ್ಯ ಕಲಿಸುವ ಗುರುವಾಗಿ. ಆದರೆ ಪುರಾಣದ ಆದರವನ್ನು ತೋರಿಸಿ ಇಲ್ಲಿ ಕೊರತೆಯೇ ಇಲ್ಲವೆಂದು ಮುಗಿಸಬಾರದು. ಜಾತ್ರೆಯಲ್ಲಿ ಜೋಗತಿಯ ಕಾಲಿಗೆರಗಿ ಭಂಡಾರ ಹಚ್ಚಿಸಿಕೊಳ್ಳುವ ಮನೆಯೇ ತನ್ನ ಮಗ ಹಾಗಾದರೆ ಹೊರಗೆ ಹಾಕುವುದುಂಟು. ದೇವರ ಹೆಸರಿನಲ್ಲಿ ದೊರೆಯುವ ಗೌರವ ತರಗತಿಯ ಬೆಂಚಿನ ಮೇಲೆ ದೊರೆಯುತ್ತಿದೆಯೇ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುವಂತೆ ಮಾಡುವುದು ಉತ್ತಮ.

ಧರ್ಮಗಳೂ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಕ್ಯಾಥೊಲಿಕ್ ಸಭೆಯ ಅಧಿಕೃತ ಧರ್ಮೋಪದೇಶವು ಸಲಿಂಗ ಸಂಬಂಧವನ್ನು ಸಮ್ಮತಿಸುವುದಿಲ್ಲ. ಆದರೆ ಅಂಥ ವ್ಯಕ್ತಿಗಳನ್ನು ಗೌರವ, ಕರುಣೆಗಳಿಂದ ಕಾಣಬೇಕು, ಅನ್ಯಾಯವಾದ ಭೇದ ಮಾಡಬಾರದು ಎಂದೂ ಅದೇ ಗ್ರಂಥ ವಿಧಿಸುತ್ತದೆ. ಇರಾನಿನಲ್ಲಿ ಸಲಿಂಗ ಸಂಬಂಧ ಶಿಕ್ಷಾರ್ಹ ಅಪರಾಧವಾದರೂ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಧರ್ಮಗುರುಗಳ ಅನುಮತಿಯಿದೆ. 2019ರ ಪ್ರಯಾಗದ ಕುಂಭಮೇಳದಲ್ಲಿ ಕಿನ್ನರ ಅಖಾಡವು ಜೂನಾ ಅಖಾಡದೊಡನೆ ಸೇರಿ ಪಾಲ್ಗೊಂಡಿತು. ಆದ್ದರಿಂದ ‘ಧರ್ಮ ಹೀಗೆ ಹೇಳುತ್ತದೆ’ ಎಂಬ ಮಾತು ಬಂದಾಗ ಯಾವ ಧರ್ಮ, ಯಾವ ಸಂಪ್ರದಾಯ, ಯಾವ ವಿಷಯದಲ್ಲಿ ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬೇಕು.

6. ಮೂರು ಪ್ರಕರಣಗಳು

ಅಮೂರ್ತವಾದ ವಾದಕ್ಕಿಂತ ನಡೆದ ಪ್ರಕರಣಗಳು ಮಕ್ಕಳಿಗೆ ಬೇಗ ತಿಳಿಯುತ್ತವೆ. ಈ ಕೆಳಗಿನ ಮೂರನ್ನು ಕಥೆಯಂತೆ ಹೇಳಬಹುದು.

ಒಂದು, ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ. ಇದು ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ಕ್ಯಾಥೊಲಿಕ್ ಸಂಸ್ಥೆ. ಅಲ್ಲಿಯ ಸಲಿಂಗಿ ವಿದ್ಯಾರ್ಥಿಗಳ ಸಂಘವು ಇತರ ಸಂಘಗಳಿಗೆ ಸಿಗುವ ಮಾನ್ಯತೆಯೂ ಸೌಲಭ್ಯಗಳೂ ತನಗೂ ಬೇಕೆಂದು ಕೇಳಿತು. ವಿಶ್ವವಿದ್ಯಾಲಯ ನಿರಾಕರಿಸಿತು. 1987ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವು ಎರಡೂ ಪಕ್ಷಗಳಿಗೆ ಅರ್ಧರ್ಧ ಜಯ ಕೊಟ್ಟಿತು. ಸಂಘವನ್ನು ಅನುಮೋದಿಸುವಂತೆ ಧಾರ್ಮಿಕ ಸಂಸ್ಥೆಯನ್ನು ಬಲವಂತಪಡಿಸಲಾಗದು, ಆದರೆ ಸೌಲಭ್ಯಗಳನ್ನು ಸಮನಾಗಿ ಕೊಡಲೇಬೇಕು ಎಂದಿತು. ಸಮಾನತೆ, ಒಪ್ಪಿಗೆಗಳ ನಡುವಣ ಗೆರೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ತೀರ್ಪುಗಳು ವಿರಳ. ಮುಂದೆ 2008ರಲ್ಲಿ ಅದೇ ವಿಶ್ವವಿದ್ಯಾಲಯ ಈ ವಿದ್ಯಾರ್ಥಿಗಳಿಗಾಗಿ ತಾನೇ ಒಂದು ಕೇಂದ್ರವನ್ನು ತೆರೆಯಿತು.

ಎರಡು, ಕೆನಡಾದ ಟ್ರಿನಿಟಿ ವೆಸ್ಟರ್ನ್ ವಿಶ್ವವಿದ್ಯಾಲಯ. ಗಂಡು–ಹೆಣ್ಣಿನ ವಿವಾಹದ ಹೊರಗಿನ ಲೈಂಗಿಕ ಸಂಬಂಧದಿಂದ ದೂರವಿರುವುದಾಗಿ ಪ್ರತಿ ವಿದ್ಯಾರ್ಥಿಯೂ ಒಪ್ಪಂದಕ್ಕೆ ಸಹಿ ಹಾಕಬೇಕೆಂಬುದು ಈ ಕ್ರೈಸ್ತ ಸಂಸ್ಥೆಯ ನಿಯಮವಾಗಿತ್ತು. ಅದು ಕಾನೂನು ಕಾಲೇಜು ತೆರೆಯಲು ಹೊರಟಾಗ ವಕೀಲರ ಮಂಡಳಿಗಳು ಮಾನ್ಯತೆ ನಿರಾಕರಿಸಿದವು. 2018ರ ಜೂನ್ 15ರಂದು ಕೆನಡಾದ ಸರ್ವೋಚ್ಚ ನ್ಯಾಯಾಲಯ ಮಂಡಳಿಗಳ ನಿರ್ಧಾರವನ್ನು ಎತ್ತಿಹಿಡಿಯಿತು. ಅದೇ ವರ್ಷ ಸಂಸ್ಥೆಯು ವಿದ್ಯಾರ್ಥಿಗಳಿಗೆ ಆ ಸಹಿಯನ್ನು ಕಡ್ಡಾಯವಲ್ಲವೆಂದು ಮಾಡಿತು. ನ್ಯಾಯಾಲಯವು ಧರ್ಮಸ್ವಾತಂತ್ರ್ಯವನ್ನು ಅತಿಯಾಗಿ ಕುಗ್ಗಿಸಿತೇ ಎಂಬುದರ ಬಗೆಗೆ ಇಬ್ಬರು ನ್ಯಾಯಮೂರ್ತಿಗಳೇ ಭಿನ್ನಮತ ಬರೆದರು. ಈ ಭಿನ್ನಮತವನ್ನೂ ತರಗತಿಯಲ್ಲಿ ತಿಳಿಸತಕ್ಕದ್ದು.

ಮೂರು, ಕೇರಳದ ಬಿಜೋ ಇಮ್ಯಾನುಯಲ್ ಪ್ರಕರಣ. ಇದು ಲಿಂಗತ್ವದ ಪ್ರಕರಣವಲ್ಲ. ಆದರೂ ಈ ಚರ್ಚೆಗೆ ಬಹಳ ಹತ್ತಿರದ್ದು. 1985ರಲ್ಲಿ ಯೆಹೋವನ ಸಾಕ್ಷಿಗಳೆಂಬ ಸಣ್ಣ ಕ್ರೈಸ್ತ ಪಂಗಡದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದರು. ಹಾಡುವುದು ತಮ್ಮ ನಂಬಿಕೆಗೆ ವಿರುದ್ಧವೆಂಬುದು ಅವರ ಮಾತು. ಶಾಲೆ ಅವರನ್ನು ಹೊರಹಾಕಿತು. 1986ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯವು ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದಿತು. ತೀರ್ಪು ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾದವರೂ ಅವರೇ. ಸಹನೆ ಈ ನಾಡಿನ ಪರಂಪರೆಯೂ ಹೌದು, ಸಂವಿಧಾನದ ನಡೆಯೂ ಹೌದು, ಅದನ್ನು ತೆಳುಗೊಳಿಸಬಾರದು ಎಂಬ ಆಶಯದಿಂದ ತೀರ್ಪು ಮುಗಿಯುತ್ತದೆ. ಬಹುಮತದವರ ಶಾಲೆಯಲ್ಲಿ ಧಾರ್ಮಿಕ ಅಲ್ಪಸಂಖ್ಯಾತ ಮಗುವಿಗೆ ದೊರೆತ ಈ ಆಶ್ರಯವು ಧರ್ಮಸಂಸ್ಥೆಯ ಕಾಲೇಜಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಗುವಿಗೂ ದೊರೆಯಬೇಡವೇ ಎಂಬುದನ್ನು ಎರಡೂ ಪಕ್ಷಗಳು ಯೋಚಿಸಬೇಕು.

7. ಚರ್ಚೆಯನ್ನು ನಡೆಸುವ ಕ್ರಮ

ವಿಷಯದ ಆಯ್ಕೆ: ಸಲಿಂಗ ಒಲವು ಸರಿಯೋ ತಪ್ಪೋ ಎಂಬುದನ್ನು ಚರ್ಚೆಯ ವಿಷಯವಾಗಿ ಇಡಲೇಬಾರದು. ಆ ಪ್ರಶ್ನೆಯು ಒಬ್ಬ ವ್ಯಕ್ತಿಯನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ, ಆ ವ್ಯಕ್ತಿ ಅದೇ ಕೋಣೆಯ ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕುಳಿತಿರಬಹುದು. ತನ್ನ ಇರವಿನ ಬಗೆಗೆ ಗೆಳೆಯರು ಕೈಯೆತ್ತಿ ಮತ ಹಾಕುವುದನ್ನು ಯಾವ ಮಗುವೂ ನೋಡಬೇಕಾಗಿ ಬರಬಾರದು. ಚರ್ಚೆಯು ಸಂಸ್ಥೆಯ ನಡತೆಯ ಮೇಲಿರಬೇಕು. ‘ಧರ್ಮಸಂಸ್ಥೆ ನಡೆಸುವ ಕಾಲೇಜು ತನ್ನ ಬೋಧೆಯನ್ನು ಬಿಡದೆಯೇ ಎಲ್ಲ ವಿದ್ಯಾರ್ಥಿಗಳಿಗೂ ಸಮಾನ ಸ್ಥಾನ ಕೊಡಬಲ್ಲದು’ ಎಂಬಂಥ ವಿಷಯ ತಕ್ಕದ್ದು.

ಮೊದಲ ಅವಧಿ: ಪದಗಳು, ಕಾನೂನು, ಪ್ರಕರಣಗಳ ಪರಿಚಯ. ಮೂರು ನಿಯಮಗಳನ್ನು ಈ ಅವಧಿಯಲ್ಲಿಯೇ ಹೇಳಬೇಕು. ತರಗತಿಯ, ಊರಿನ ಯಾವ ವ್ಯಕ್ತಿಯ ಹೆಸರನ್ನೂ ಎತ್ತಬಾರದು. ಯಾರೂ ತಮ್ಮ ಒಳಗುಟ್ಟನ್ನು ಹೇಳಬೇಕೆಂದು ಒತ್ತಾಯಿಸಬಾರದು. ಯಾವ ಧರ್ಮದ ಗ್ರಂಥವನ್ನೂ ಗುರುವನ್ನೂ ಹೀಗಳೆಯಬಾರದು.

ಎರಡನೆಯ ಅವಧಿ: ವಾದ. ಭಾರತೀಯ ಶಾಸ್ತ್ರಗ್ರಂಥಗಳ ಪೂರ್ವಪಕ್ಷದ ಪದ್ಧತಿಯನ್ನು ಇಲ್ಲಿ ಬಳಸಬೇಕು. ಎದುರಾಳಿ ಹೇಳಿದ್ದನ್ನು ಅವನೇ ತಲೆದೂಗುವಂತೆ ತನ್ನ ಮಾತಿನಲ್ಲಿ ಹೇಳಿದ ಮೇಲೆಯೇ ಉತ್ತರ ಕೊಡತಕ್ಕದ್ದು. ಅರ್ಧ ಅವಧಿ ಮುಗಿದ ಮೇಲೆ ಎರಡು ತಂಡಗಳೂ ಪಕ್ಷ ಬದಲಾಯಿಸಬೇಕು. ತಕ್ಕ ಕನ್ನಡ ಪದ ತೋಚದೆ ಮಗು ತೆಲುಗು ಪದ ಆಡಿದರೆ ತಡೆಯದೆ, ವಾಕ್ಯ ಮುಗಿದ ಮೇಲೆ ಕನ್ನಡ ಪದವನ್ನು ಒದಗಿಸಬೇಕು.

ಮೂರನೆಯ ಅವಧಿ: ಸಂದರ್ಭಗಳ ವಿಂಗಡಣೆ. ಈ ಕೆಳಗಿನ ಮೂರು ಕಲ್ಪಿತ ಸಂದರ್ಭಗಳನ್ನು ಕೊಟ್ಟು, ಯಾವುದು ಸಹನೆಯ, ಯಾವುದು ಸಮಾನತೆಯ, ಯಾವುದು ಒಪ್ಪಿಗೆಯ ಪ್ರಶ್ನೆ ಎಂದು ಗುರುತಿಸಲು ಹೇಳಬೇಕು.

(ಅ) ಹಾಸ್ಟೆಲಿನಲ್ಲಿ ಹೆಣ್ಣು ದನಿಯ ಹುಡುಗನ ಪಕ್ಕದಲ್ಲಿ ಊಟಕ್ಕೆ ಕೂರಲು ಉಳಿದವರು ಒಪ್ಪುವುದಿಲ್ಲ. ಶಾಂತಿಗಾಗಿ ಅವನೇ ಹಾಸ್ಟೆಲ್ ಬಿಡಲಿ ಎನ್ನುತ್ತಾರೆ ವಾರ್ಡನ್.

(ಆ) ಕೆಲವು ವಿದ್ಯಾರ್ಥಿಗಳು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳನ್ನು ಕುರಿತು ಉಪನ್ಯಾಸ ಏರ್ಪಡಿಸಲು ಕಾಲೇಜಿನ ಸಭಾಂಗಣವನ್ನು ಕೇಳುತ್ತಾರೆ. ಇತರ ಸಂಘಗಳಿಗೆ ಸಭಾಂಗಣ ಸಿಗುತ್ತದೆ.

(ಇ) ನೀತಿಬೋಧೆಯ ತರಗತಿಯಲ್ಲಿ ಧರ್ಮಗುರುಗಳು ತಮ್ಮ ಧರ್ಮದಲ್ಲಿ ಮದುವೆ ಗಂಡು–ಹೆಣ್ಣಿನ ನಡುವೆ ಮಾತ್ರವೆಂದು ಬೋಧಿಸುತ್ತಾರೆ. ಆ ಬೋಧೆಯನ್ನೇ ನಿಲ್ಲಿಸಬೇಕೆಂದು ವಿದ್ಯಾರ್ಥಿಯೊಬ್ಬ ದೂರು ಕೊಡುತ್ತಾನೆ.

ಮೊದಲನೆಯದರಲ್ಲಿ ವಾದಕ್ಕೆ ಎಡೆಯಿಲ್ಲ. ಅದು ಹೊರಗಿಡುವಿಕೆ, ರ‍್ಯಾಗಿಂಗ್ ನಿಯಮಾವಳಿಯ ಹಿಡಿತಕ್ಕೆ ಬರುವಂಥದು. ಪೀಡಿತನನ್ನೇ ಹೊರಕಳಿಸುವುದನ್ನು ಶಾಂತಿ ಎನ್ನಲಾಗದು. ಎರಡನೆಯದು ನಿಜವಾಗಿಯೂ ಚರ್ಚೆಗೆ ತಕ್ಕದ್ದು. ಸಭಾಂಗಣ ಕೊಡುವುದು ಬರಿಯ ಸೌಲಭ್ಯವೋ ಅನುಮೋದನೆಯೋ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ, ಜಾರ್ಜ್‌ಟೌನ್ ಪ್ರಕರಣ ಇಲ್ಲಿ ನೆರವಿಗೆ ಬರುತ್ತದೆ. ಮೂರನೆಯದರಲ್ಲಿ ಕಾಲೇಜಿಗೆ ತನ್ನ ಧರ್ಮವನ್ನು ಬೋಧಿಸುವ ಹಕ್ಕಿದೆ. ಆದರೆ ಆ ಬೋಧೆಯ ನಡುವೆ ವಿದ್ಯಾರ್ಥಿಯೊಬ್ಬನ ಕಡೆ ಬೆರಳು ತೋರಿಸಿದರೆ, ಮೂರನೆಯ ಸಂದರ್ಭ ಮೊದಲನೆಯದಾಗಿ ಮಾರ್ಪಡುತ್ತದೆ. ಈ ಮಾರ್ಪಾಟನ್ನು ಮಕ್ಕಳು ತಾವೇ ಕಂಡುಕೊಂಡರೆ ಪಾಠದ ಉದ್ದೇಶ ನೆರವೇರಿದಂತೆ.

ಚರ್ಚೆಯ ಕೊನೆಗೆ ಗೆಲುವು–ಸೋಲುಗಳನ್ನು ಘೋಷಿಸಬಾರದು. ತನ್ನ ಎದುರು ಪಕ್ಷದ ಮಾತುಗಳಲ್ಲಿ ಅತ್ಯಂತ ಬಲವಾದುದು ಯಾವುದೆಂದು ಪ್ರತಿ ವಿದ್ಯಾರ್ಥಿಯೂ ಐದು ಸಾಲು ಬರೆದು ಕೊಡಲಿ.

8. ಉಪಾಧ್ಯಾಯರ ಹೊಣೆ

ಇಂಥ ಚರ್ಚೆಯಾದ ಮೇಲೆ ಯಾವುದೋ ಒಂದು ಮಗು ಒಂಟಿಯಾಗಿ ಬಂದು ತನ್ನ ಮಾತನ್ನು ಹೇಳಿಕೊಳ್ಳಬಹುದು. ಆಗ ಉಪದೇಶ ಮಾಡದೆ ಪೂರ್ತಿಯಾಗಿ ಕೇಳಬೇಕು. ಅದನ್ನು ಸ್ಟಾಫ್ ರೂಮಿನಲ್ಲಿ ಸುದ್ದಿಯಾಗಿಸಬಾರದು. ಮಗುವಿನ ಇಚ್ಛೆಯಿಲ್ಲದೆ ಮನೆಯವರಿಗೆ ತಿಳಿಸುವುದು ಅನೇಕ ವೇಳೆ ಹೊಡೆತಕ್ಕೂ ಓದು ನಿಲ್ಲುವುದಕ್ಕೂ ದಾರಿಯಾಗುತ್ತದೆ. ಹಾಗೆಂದು ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ, ದೌರ್ಜನ್ಯ ನಡೆದಿದ್ದರೆ ಸುಮ್ಮನಿರುವಂತಿಲ್ಲ, ಕಾನೂನಿನಂತೆ ಕೂಡಲೇ ಕ್ರಮ ಕೈಗೊಳ್ಳಬೇಕು. ಮನಸ್ಸಿನ ಬೇಗುದಿಗೆ ಸರಕಾರದ ಟೆಲಿ–ಮಾನಸ್ ಉಚಿತ ದೂರವಾಣಿ 14416 ಇದೆ. ಮಕ್ಕಳ ರಕ್ಷಣೆಗೆ 1098 ಇದೆ. ಈ ಎರಡು ಸಂಖ್ಯೆಗಳನ್ನೂ ಶಾಲೆಯ ಫಲಕದಲ್ಲಿ ಎಲ್ಲರಿಗಾಗಿ ಬರೆದಿಟ್ಟರೆ, ಬೇಕಾದ ಮಗು ಯಾರನ್ನೂ ಕೇಳದೆ ನೋಡಿಕೊಳ್ಳುತ್ತದೆ.

ಪಾಲಕರು ಆಕ್ಷೇಪಿಸಿದರೆ, ಮಕ್ಕಳಿಗೆ ಲೈಂಗಿಕತೆಯನ್ನು ಬೋಧಿಸುತ್ತಿಲ್ಲ, ಅವರು ಹೋಗಲಿರುವ ಕಾಲೇಜುಗಳ ನಿಯಮವನ್ನೂ ಜೊತೆಗಾರರೊಡನೆ ನಡೆಯಬೇಕಾದ ರೀತಿಯನ್ನೂ ತಿಳಿಸುತ್ತಿದ್ದೇವೆ ಎಂದು ಸಮಾಧಾನದಿಂದ ಹೇಳಬೇಕು. ಚರ್ಚೆಗೆ ಮೊದಲೇ ಮುಖ್ಯೋಪಾಧ್ಯಾಯರ ಗಮನಕ್ಕೆ ತಂದಿರುವುದು ಲೇಸು. 2021ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗೆಗೆ ಹೊರತಂದ ಕೈಪಿಡಿಯನ್ನು ಆಕ್ಷೇಪಗಳು ಬಂದ ಮೇಲೆ ಜಾಲತಾಣದಿಂದ ತೆಗೆದುಹಾಕಿದ್ದುಂಟು. ವಿಷಯ ಎಷ್ಟು ಸೂಕ್ಷ್ಮವೆಂಬುದು ಇದರಿಂದ ತಿಳಿಯುತ್ತದೆ. ಸೂಕ್ಷ್ಮವೆಂಬ ಕಾರಣಕ್ಕೆ ಉಪಾಧ್ಯಾಯರು ಸಿದ್ಧತೆಯನ್ನು ಹೆಚ್ಚಿಸಿಕೊಳ್ಳಬೇಕು, ಪಾಠವನ್ನು ಬಿಡಬೇಕಾಗಿಲ್ಲ.

ತಮಗೇ ಈ ವಿಷಯ ಮುಜುಗರವೆನಿಸಿದರೆ ಉಪಾಧ್ಯಾಯರು ಅಳುಕಬೇಕಾಗಿಲ್ಲ. 2021ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರ ಮುಂದೆ ಇಬ್ಬರು ಯುವತಿಯರು ರಕ್ಷಣೆ ಕೋರಿ ಬಂದರು. ಈ ವಿಷಯದಲ್ಲಿ ತಮಗೆ ತಿಳಿವಳಿಕೆ ಸಾಲದೆಂದು ಬಹಿರಂಗವಾಗಿ ಒಪ್ಪಿಕೊಂಡ ಅವರು, ಮನಶ್ಶಾಸ್ತ್ರಜ್ಞರ ಬಳಿ ಕುಳಿತು ಕಲಿತ ಮೇಲೆ ಜೂನ್ 7ರಂದು ಆದೇಶ ನೀಡಿದರು. ಆ ಆದೇಶದಲ್ಲಿ ಶಾಲಾ ಕಾಲೇಜುಗಳಿಗೂ ಸೂಚನೆಗಳಿವೆ. ಪಾಲಕರಲ್ಲಿ ಅರಿವು ಮೂಡಿಸುವುದು, ಆಪ್ತಸಮಾಲೋಚಕರನ್ನು ನೇಮಿಸುವುದು ಅವುಗಳಲ್ಲಿ ಕೆಲವು. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು ಕಲಿಯಲು ಹಿಂಜರಿಯದಿದ್ದ ಮೇಲೆ, ಕಲಿಯುವುದನ್ನೇ ವೃತ್ತಿಯಾಗಿ ಉಳ್ಳವರು ಹಿಂಜರಿಯಬೇಕಾಗಿಲ್ಲ.

9. ಉಪಸಂಹಾರ

ಧರ್ಮಸಂಸ್ಥೆಯ ನಂಬಿಕೆಯನ್ನು ಬದಲಿಸುವುದು ಶಾಲೆಯ ಕೆಲಸವಲ್ಲ. ಮಕ್ಕಳು ಕೊನೆಗೆ ಯಾವ ಅಭಿಪ್ರಾಯಕ್ಕೆ ಬರಬೇಕೆಂದು ನಿರ್ಧರಿಸುವುದೂ ಶಾಲೆಯ ಕೆಲಸವಲ್ಲ. ಒಪ್ಪಿಗೆಯ ಪ್ರಶ್ನೆಯಲ್ಲಿ ಅವರು ಭಿನ್ನಮತದವರಾಗಿಯೇ ಉಳಿಯಬಹುದು. ಸಹನೆ ಮತ್ತು ಸಮಾನತೆಗಳ ವಿಷಯದಲ್ಲಿ ಮಾತ್ರ ಕಾನೂನು ಆಯ್ಕೆಯನ್ನು ಬಿಟ್ಟಿಲ್ಲ. ಬೆಳುಗುಪ್ಪದಿಂದ ಹೊರಟ ಹುಡುಗಿ ಅನಂತಪುರದ ಹಾಸ್ಟೆಲಿನಲ್ಲಿ ತನ್ನ ಕನ್ನಡಕ್ಕಾಗಿ ನಗೆಪಾಟಲಾದಾಗ ಯಾವ ನಿಯಮದ ಮೊರೆ ಹೋಗುತ್ತಾಳೋ, ಅದೇ ನಿಯಮ ಪಕ್ಕದ ಕೋಣೆಯ ಇನ್ನೊಬ್ಬಳಿಗೂ ಬೇರೊಂದು ಕಾರಣಕ್ಕಾಗಿ ಬೇಕಾಗಿದೆ ಎಂಬ ಅರಿವನ್ನು ಅವಳು ಕನ್ನಡ ಶಾಲೆಯಿಂದಲೇ ಕೊಂಡೊಯ್ಯುವಂತಾಗಬೇಕು.

ಉಪಾಧ್ಯಾಯರ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಸಂವಿಧಾನದ 30ನೆಯ ವಿಧಿಯು ಕನ್ನಡ ಶಾಲೆಗೂ ಧಾರ್ಮಿಕ ಕಾಲೇಜಿಗೂ ಕೊಡುವ ಹಕ್ಕು ಯಾವುದು? ಆ ಹಕ್ಕಿನ ಮೇರೆ ಎಲ್ಲಿದೆ?

2. ಸಹನೆ, ಸಮಾನತೆ, ಒಪ್ಪಿಗೆ ಇವುಗಳ ನಡುವಣ ವ್ಯತ್ಯಾಸವನ್ನು ನಿಮ್ಮ ಶಾಲೆಯ ಅನುಭವದಿಂದಲೇ, ಹೆಸರು ಹೇಳದೆ, ವಿವರಿಸಿ.

3. ಕೆನಡಾದ ಪ್ರಕರಣದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿಗಳ ಪಕ್ಷವನ್ನು ವಹಿಸಿ ನಿಮ್ಮದೇ ವಾದವನ್ನು ಮಂಡಿಸಿ, ಬಳಿಕ ಅದಕ್ಕೆ ನೀವೇ ಉತ್ತರ ಕೊಡಿ.

4. ನಿಮ್ಮ ಶಾಲೆಯಲ್ಲಿ ನಡಿಗೆ, ದನಿ, ವೇಷಗಳ ಕಾರಣಕ್ಕೆ ಅಣಕಕ್ಕೆ ಒಳಗಾಗಿ ಓದು ಬಿಟ್ಟ ಮಕ್ಕಳುಂಟೇ? ಅಂದು ಶಾಲೆ ಏನು ಮಾಡಬಹುದಾಗಿತ್ತು?